ಅಂಗಳದ ತಪ್ಪು, ಅಂಗಳದ ಶಿಕ್ಷೆ

ಕನ್ನಡಿಗರು ಅತ್ಯಂತ ಹೆಚ್ಚು ಕಾಲ ವಾದಿಸಿದ ತಪ್ಪಾಟ ಯಾವುದೆಂದು ಯಾರಾದರೂ ಕೇಳಿದರೆ ನಾನು ಕ್ರಿಕೆಟ್ಟಿನ ಹೆಸರು ಹೇಳುವುದಿಲ್ಲ; ಭೀಮ ದುರ್ಯೋಧನನ ತೊಡೆಗೆ ಕೊಟ್ಟ ಏಟು ಎನ್ನುತ್ತೇನೆ. ಗದಾಯುದ್ಧದ ನಿಯಮದಲ್ಲಿ ಗೊಂದಲವಿರಲಿಲ್ಲ. ನಾಭಿಯ ಕೆಳಗೆ ಹೊಡೆಯಬಾರದು, ಅಷ್ಟೇ. ಭೀಮ ಹೊಡೆದ. ಇಬ್ಬರಿಗೂ ಗದೆ ಕಲಿಸಿದ ಬಲರಾಮ ಸಿಟ್ಟಿನಿಂದ ನೇಗಿಲೆತ್ತಿ ಏರಿ ಬಂದ. ಕೃಷ್ಣ ತಮ್ಮನಾಗಿ ಅವನ ಕೈ ಹಿಡಿದ; ಭೀಮ ತುಂಬಿದ ಸಭೆಯಲ್ಲಿ ಮಾಡಿದ್ದ ಪ್ರತಿಜ್ಞೆಯನ್ನು ನೆನಪಿಸಿದ. ಬಲರಾಮನಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅವನು ದ್ವಾರಕೆಯ ದಾರಿ ಹಿಡಿದ. ಮುಧೋಳದ ರನ್ನ ಹತ್ತನೆಯ ಶತಮಾನದವನು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಗದಾಯುದ್ಧವನ್ನು ಬರೆದ. ಆದರೂ ಓದುವವರ ಕಣ್ಣೀರು ಹೆಚ್ಚಾಗಿ ಬೀಳುವುದು ದುರ್ಯೋಧನನಿಗಾಗಿ. ಸಾವಿರ ವರ್ಷವಾದರೂ ನಮ್ಮ ಕಡೆ ದೊಡ್ಡಾಟ ಮುಗಿದು ಬೆಳಗಾದ ಮೇಲೆ, ಚಾಪೆ ಸುತ್ತುತ್ತ ಸುತ್ತುತ್ತ ಹೆಂಗಸರು ಇದೇ ವಾದವನ್ನು ಮುಂದುವರಿಸುತ್ತಾರೆ. "ಅವ ದ್ರೌಪದಿಗೆ ಮಾಡಿದ್ದೇನು ಕಡಿಮೀನ?" ಎಂದು ಒಬ್ಬಳು. "ಮಾಡಿದ್ದಕ್ಕ ಶಿಕ್ಷಾ ಆಗಲಿ, ಆದರ ಆಟದಾಗ ಮೋಸ ಯಾಕ?" ಎಂದು ಇನ್ನೊಬ್ಬಳು.

ಇಬ್ಬರೂ ಆಡಿದ್ದು ಸರಿಯಾದ ಮಾತೇ. ಆಟದ ಶಿಸ್ತಿನ ಬಗ್ಗೆ ಜಗತ್ತಿನಲ್ಲಿ ಎಲ್ಲಿ ವಾದ ನಡೆದರೂ ಕೊನೆಗೆ ಈ ಎರಡು ಮಾತುಗಳೇ ಎದುರುಬದುರು ನಿಲ್ಲುತ್ತವೆ. ತಪ್ಪು ಮಾಡಿದವನು ನಮ್ಮವನಾದರೆ ಅದಕ್ಕೊಂದು ಹಿನ್ನೆಲೆ ಇರುತ್ತದೆ. ಬೇರೆಯವನಾದರೆ ಅದು ಬರೀ ಮೋಸ. ಇಬ್ಬರು ಮಕ್ಕಳ ಜಗಳ ಬಿಡಿಸಿದ ಯಾವ ತಾಯಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತಾಯಿ ಇಬ್ಬರ ಮಾತನ್ನೂ ಕೇಳಿ ಮಧ್ಯಾಹ್ನದ ಊಟದೊಳಗೆ ತೀರ್ಪು ಮುಗಿಸುತ್ತಾಳೆ. ದೊಡ್ಡವರ ಆಟದಲ್ಲಿ ಈ ತೀರ್ಪಿನ ವಿದ್ಯೆ ಬೆಳೆದು ಬಂದ ಬಗೆಯೇ ಒಂದು ಇತಿಹಾಸ. ಸಮಾಜ ವಿಜ್ಞಾನ ಕಲಿಸುವ ನನಗೆ ರಾಜರ ಯುದ್ಧಗಳಿಗಿಂತ ಈ ಇತಿಹಾಸ ಹೆಚ್ಚು ಹತ್ತಿರದ್ದೆನಿಸುತ್ತದೆ.

ನಮ್ಮ ಧಾರವಾಡ ಸೀಮೆಯಲ್ಲಿ ಆಟದ ಶಿಸ್ತಿನ ಹಳೆಯ ಶಾಲೆಯೆಂದರೆ ಗರಡಿಮನೆ. ಪೈಲವಾನ ಮೊದಲು ಕೆಮ್ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ, ಎದುರಾಳಿಯ ಕೈ ಮುಟ್ಟುತ್ತಾನೆ, ಆಮೇಲೆ ಹಿಡಿತಕ್ಕೆ ಇಳಿಯುತ್ತಾನೆ. ಈ ಕಲೆಗೆ ನಮ್ಮಲ್ಲಿ ಬರಹದ ದಾಖಲೆಯೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನಿಟ್ಟಿದ್ದಾನೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡುವುದನ್ನೂ, ಅವರ ಊಟ ಮತ್ತು ಸಾಧನೆಯ ಕ್ರಮವನ್ನೂ ಅಲ್ಲಿ ಹೇಳಿದ್ದಾನೆ. ಸಮಾನರು ಸಮಾನರೊಡನೆ ಆಡಬೇಕೆಂಬುದೇ ಶಿಸ್ತಿನ ಮೊದಲ ಪಾಠವಲ್ಲವೇ?

ಈಗ ಸ್ವಲ್ಪ ದೂರ ಹೋಗೋಣ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ನಡೆಸುತ್ತಿದ್ದ ತರಬೇತಿ ಶಾಲೆ. ಹೊರಗೆ ಹಿಮ, ಒಳಗೆ ಮಾತು ಕೇಳದ ಹದಿನೆಂಟು ಜನ ತರುಣರು. ಅವರನ್ನು ಹಿಡಿದು ಕೂಡಿಸಲಾರದೆ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಗೋಡೆಯ ಎತ್ತರದಲ್ಲಿ ಹಣ್ಣಿನ ಬುಟ್ಟಿ ಕಟ್ಟಿ ಹೊಸದೊಂದು ಆಟ ಹುಡುಕಿದರು. ಅದೇ ಬಾಸ್ಕೆಟ್‌ಬಾಲ್. ಮೊದಲ ಸಲ ಹುಡುಗರನ್ನು ಆಡಲು ಬಿಟ್ಟಾಗ ಅವರು ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡಿ, ಕಣ್ಣು ಬಾತುಕೊಂಡು, ಒಬ್ಬನ ಭುಜದ ಕೀಲೇ ತಪ್ಪಿತೆಂದು 1939ರಲ್ಲಿ ಆಕಾಶವಾಣಿಯ ಸಂದರ್ಶನವೊಂದರಲ್ಲಿ ಅವರೇ ನೆನೆಸಿಕೊಂಡರು. ತರಗತಿ ನಡೆಸಿದ ನಮಗೆಲ್ಲ ಆ ನೋಟ ಕಣ್ಣಿಗೆ ಕಟ್ಟುತ್ತದೆ.

ನೈಸ್ಮಿತ್ ಬರೆದ ನಿಯಮಗಳು ಹದಿಮೂರು. ಅವುಗಳಲ್ಲಿ ಐದನೆಯದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಭುಜದಿಂದ ತಳ್ಳುವುದು, ಹಿಡಿಯುವುದು, ನೂಕುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ಕೂಡದು. ಮೊದಲ ಸಲ ಮಾಡಿದರೆ ಅದು ಫೌಲ್. ಎರಡನೆಯ ಸಲ ಮಾಡಿದರೆ ಮುಂದಿನ ಗೋಲು ಬೀಳುವವರೆಗೆ ಹೊರಗೆ. ಪೆಟ್ಟು ಮಾಡಬೇಕೆಂಬ ಉದ್ದೇಶ ಎದ್ದು ಕಂಡರೆ ಆಟ ಮುಗಿಯುವವರೆಗೆ ಹೊರಗೆ. ಅವನ ಬದಲಿಗೆ ಇನ್ನೊಬ್ಬನೂ ಇಲ್ಲ. ನೋಡಿ, ಒಂದೇ ನಿಯಮದಲ್ಲಿ ಮೂರು ಮೆಟ್ಟಿಲುಗಳಿವೆ. ಕೈತಪ್ಪಿ ಆದದ್ದು ಬೇರೆ, ಮರುಕಳಿಸಿದ್ದು ಬೇರೆ, ಬೇಕೆಂದೇ ಮಾಡಿದ್ದು ಬೇರೆ. ಅತ್ಯಂತ ದೊಡ್ಡ ತಪ್ಪಿಗೂ ಶಿಕ್ಷೆ ಆ ದಿನದ ಆಟಕ್ಕೆ ಮುಗಿಯುತ್ತದೆ. ನಾಳೆ ಮತ್ತೆ ಅಂಗಳಕ್ಕೆ ಬರಲು ಬಾಗಿಲು ತೆರೆದಿರುತ್ತದೆ.

ಹೆಣ್ಣುಮಕ್ಕಳ ವಿಷಯ ಬಂದಾಗ ಕಥೆ ಬೇರೆಯಾಯಿತು. ಮರುವರ್ಷವೇ, 1892ರಲ್ಲಿ, ಸ್ಮಿತ್ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಈ ಆಟವನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚಿನಲ್ಲಿ ಆ ಕಾಲೇಜಿನ ಎರಡು ತರಗತಿಗಳ ನಡುವೆ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಹುಡುಗಿಯರು ಆವೇಶದಿಂದ ಆಡಿದರೆ ಜನ ಏನೆಂದಾರು ಎಂಬ ಅಳುಕು ಆ ಕಾಲದ್ದು. ಆದ್ದರಿಂದ ಬೆರೆನ್ಸನ್ ನಿಯಮಗಳನ್ನು ಮೆತ್ತಗೆ ಮಾಡಿದರು. ಅಂಗಳವನ್ನು ಮೂರು ಪಾಲು ಮಾಡಿ, ಯಾರೂ ತಮ್ಮ ಪಾಲಿನ ಗೆರೆ ದಾಟಬಾರದೆಂದರು. ಇನ್ನೊಬ್ಬಳ ಕೈಯಿಂದ ಚೆಂಡನ್ನು ಕಸಿದುಕೊಳ್ಳಬಾರದು. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಹಿಡಿದುಕೊಳ್ಳಬಾರದು. ಅವರ ಉದ್ದೇಶ ಒಳ್ಳೆಯದೇ. ಆ ಮೆತ್ತಗಿನ ನಿಯಮಗಳಿಲ್ಲದಿದ್ದರೆ ಎಷ್ಟೋ ಕಾಲೇಜುಗಳು ಹುಡುಗಿಯರಿಗೆ ಚೆಂಡನ್ನೇ ಕೊಡುತ್ತಿರಲಿಲ್ಲ. ಆದರೆ ಒಮ್ಮೆ ಹಾಕಿದ ಗೆರೆ ಅಳಿಸಲು ಬಹಳ ಕಾಲ ಬೇಕಾಯಿತು. ಅಮೆರಿಕದ ಕಾಲೇಜು ಹುಡುಗಿಯರಿಗೆ ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಓಡುವ ಹಕ್ಕು ಪೂರ್ತಿಯಾಗಿ ಸಿಕ್ಕಿದ್ದು 1970ರ ದಶಕದ ಆರಂಭದಲ್ಲಿ. ಒಲಿಂಪಿಕ್ಸಿನಲ್ಲಿ ಗಂಡಸರ ಬಾಸ್ಕೆಟ್‌ಬಾಲ್ 1936ರಲ್ಲಿ ಬಂದರೆ ಹೆಂಗಸರದ್ದು ಬಂದಿದ್ದು 1976ರಲ್ಲಿ. ನಡುವೆ ನಲವತ್ತು ವರ್ಷ!

ಹೆಣ್ಣುಮಕ್ಕಳು ಒರಟಾದಾರೆಂದು ಇಷ್ಟು ಚಿಂತೆ ಮಾಡಿದ ಅದೇ ದೇಶದ ಗಂಡಸರ ಕಾಲೇಜು ಆಟದಲ್ಲಿ ಏನು ನಡೆಯಿತೆಂಬುದನ್ನೂ ನೋಡಬೇಕು. ಇಂಡಿಯಾನಾ ವಿಶ್ವವಿದ್ಯಾಲಯದ ತಂಡದ ಗುರು ಬಾಬ್ ನೈಟ್. 1976, 1981 ಮತ್ತು 1987ರಲ್ಲಿ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಆಟಗಾರರು ಓದಿನಲ್ಲಿ ಹಿಂದೆ ಬೀಳಬಾರದು, ಶಿಸ್ತು ಮೀರಬಾರದು ಎಂದು ಕಟ್ಟುನಿಟ್ಟು ಮಾಡಿದವರೂ ಅವರೇ. 1985ರ ಫೆಬ್ರುವರಿ 23ರಂದು ಪರ್ಡ್ಯೂ ತಂಡದೊಡನೆ ಪಂದ್ಯ ನಡೆದಿದ್ದಾಗ ನಿರ್ಣಾಯಕರ ಮೇಲಿನ ಸಿಟ್ಟಿನಿಂದ ಅವರು ಒಂದು ಕೆಂಪು ಕುರ್ಚಿಯನ್ನೆತ್ತಿ ಅಂಗಳದುದ್ದಕ್ಕೂ ಎಸೆದರು. ಆ ದಿನ ಹೊರಗೆ ಹೋಗಬೇಕಾಯಿತು, ಮುಂದೆ ಒಂದು ಪಂದ್ಯದ ನಿಷೇಧವಾಯಿತು, ಅಷ್ಟೇ. ಗೆದ್ದು ಕೊಡುವವನಿಗೆ ಊರೆಲ್ಲ ರಿಯಾಯಿತಿ. ಅಭ್ಯಾಸದ ಹೊತ್ತಿನಲ್ಲಿ ಒಬ್ಬ ಆಟಗಾರನ ಕುತ್ತಿಗೆಗೆ ಅವರು ಕೈ ಹಾಕಿದ ದೃಶ್ಯ 2000ದಲ್ಲಿ ಹೊರಬಿದ್ದ ಮೇಲೆ ವಿಶ್ವವಿದ್ಯಾಲಯ ಕೊನೆಯ ಎಚ್ಚರಿಕೆ ಕೊಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಕೆಲಸದಿಂದ ತೆಗೆಯಿತು. ಆಗ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದದ್ದು ಗುರುವಿನ ಪರವಾಗಿ! ಹದಿನೈದು ವರ್ಷ ಮುಂಚೆಯೇ ಹದವಾದ ಶಿಕ್ಷೆ ಬಿದ್ದಿದ್ದರೆ ಆ ಮನುಷ್ಯನಿಗೂ ಒಳ್ಳೆಯದಾಗುತ್ತಿತ್ತೇನೋ. ಶಿಸ್ತು ಕಲಿಸುವವರಿಗೆ ಶಿಸ್ತು ಬೇಡವೆಂದು ಯಾರು ಹೇಳಿದರು?

ನಮ್ಮವರ ಕಡೆಗೆ ಬರೋಣ. 1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಭಾರತ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ಭಾರತದ ನಾಯಕ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕಷ್ಟದಲ್ಲಿತ್ತು. ಮುಂದೆ ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಅನಿಸಿತು. ಹೊರಟ ಟೇಲರರನ್ನು ಅವರು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ನುಗಳ ಜೊತೆಯಾಟ ಕಟ್ಟಿದರು. ಇಂಗ್ಲೆಂಡ್ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ಈ ಪಂದ್ಯದ ಮಾತು ಬಂದಾಗಲೆಲ್ಲ ಕೇಳುವವರಲ್ಲಿ ಎರಡು ಪಕ್ಷವಾಗುತ್ತದೆ. ಧರ್ಮ ಕಾಯ್ದರು ಎಂದು ಕೆಲವರು. ದೇಶದ ಪಂದ್ಯವನ್ನು ದಾನ ಮಾಡುವ ಅಧಿಕಾರ ಅವರಿಗೆಲ್ಲಿತ್ತು ಎಂದು ಕೆಲವರು. ಮುಂದೆ ವಿಶ್ವನಾಥ್ ಅಂತರರಾಷ್ಟ್ರೀಯ ಪಂದ್ಯಗಳಿಗೆ ರೆಫರಿಯಾದರು. ಆ ಕುರ್ಚಿಗೆ ಅವರ ಅರ್ಹತೆ 1980ರಲ್ಲೇ ಸಿದ್ಧವಾಗಿತ್ತೆಂದು ನನಗನಿಸುತ್ತದೆ.

ಒಳ್ಳೆಯವರೆಂದು ಹೆಸರಾದವರಿಗೂ ನಿಯಮ ಒಂದೇ. 2004ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಜಿಂಬಾಬ್ವೆ ಎದುರಿನ ಪಂದ್ಯದಲ್ಲಿ ನಮ್ಮ ರಾಹುಲ್ ದ್ರಾವಿಡ್ ಬಾಯೊಳಗಿನ ಪೆಪ್ಪರಮಿಂಟಿನಂಥ ಗುಳಿಗೆಯ ಅಂಟನ್ನು ಚೆಂಡಿಗೆ ಸವರಿದ್ದು ಕ್ಯಾಮೆರಾ ಕಣ್ಣಿಗೆ ಬಿತ್ತು. ರೆಫರಿ ಕ್ಲೈವ್ ಲಾಯ್ಡ್ ಪಂದ್ಯದ ಸಂಭಾವನೆಯಲ್ಲಿ ಅರ್ಧವನ್ನು ದಂಡವಾಗಿ ಹಾಕಿದರು. ಅಷ್ಟಕ್ಕೆ ಅದು ಮುಗಿಯಿತು. ದ್ರಾವಿಡರ ಒಳ್ಳೆಯ ಹೆಸರು ಅಳಿಯಲಿಲ್ಲ, ದಂಡವೂ ತಪ್ಪಲಿಲ್ಲ. ನನಗೆ ಇದು ಶಿಕ್ಷೆಯ ಒಂದು ಮಾದರಿಯಾಗಿ ಕಾಣುತ್ತದೆ.

ಇನ್ನು ನಮ್ಮ ಕಾಲದ ದೊಡ್ಡ ವಾದಕ್ಕೆ ಬರುತ್ತೇನೆ. 2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಪಂದ್ಯ. ಬೆಂಗಳೂರು ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಹಣಾಹಣಿ, ಸೋತವರು ಮನೆಗೆ. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೆಯ ನಿಮಿಷಕ್ಕೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಕೊಟ್ಟರು. ನಾವಿನ್ನೂ ಸಿದ್ಧರಿರಲಿಲ್ಲ ಎಂದು ಕೇರಳದವರು ತಕರಾರು ತೆಗೆದರು. ಅವರ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಹೊರಗೆ ಕರೆದುಕೊಂಡು ನಡೆದರು. ಮರಳಿ ಬರಲೇ ಇಲ್ಲ. ಬೆಂಗಳೂರು ಗೆದ್ದಿತೆಂದು ತೀರ್ಮಾನವಾಯಿತು.

ಅಂದಿನಿಂದ ಹಲವು ವಾರ ಈ ಕಡೆಯವರಿಗೂ ಆ ಕಡೆಯವರಿಗೂ ಮಾತಿನ ಸಮರ. "ನಿಯಮದಲ್ಲಿ ಅವಕಾಶವಿದೆ, ಛೆಟ್ರಿ ಚುರುಕಾಗಿದ್ದರು" ಎಂದು ಇವರು. "ಎದುರಾಳಿ ಬೆನ್ನು ತಿರುಗಿಸಿದಾಗ ಹೊಡೆಯುವುದು ಯಾವ ಆಟ?" ಎಂದು ಅವರು. ಅದೇ ಗದಾಯುದ್ಧ, ಬೇರೆ ಅಂಗಳ. ಮಾರ್ಚ್ 31ರಂದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು. ಬಹಿರಂಗವಾಗಿ ಕ್ಷಮೆ ಕೇಳಬೇಕು, ಇಲ್ಲವಾದರೆ ದಂಡ 6 ಕೋಟಿ ಎಂದಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಮೇಲ್ಮನವಿಯೂ ಬಿದ್ದುಹೋಯಿತು. ಗಮನಿಸಿ, ಸಮಿತಿ ತಂಡವನ್ನು ಲೀಗಿನಿಂದ ಹೊರಹಾಕಲಿಲ್ಲ. ಆಟಗಾರರ ಮುಂದಿನ ವರ್ಷವನ್ನು ಕಿತ್ತುಕೊಳ್ಳಲಿಲ್ಲ. ದಂಡ ದೊಡ್ಡದು, ಆದರೆ ಹಿಂದಿರುಗುವ ದಾರಿ ಮುಚ್ಚಲಿಲ್ಲ.

ಇದನ್ನೆಲ್ಲ ನಾನು ಇಷ್ಟು ವಿವರವಾಗಿ ಹೇಳಲು ಒಂದು ಕಾರಣವಿದೆ. ಅದೇ 2023ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ತಂಬೂರಿನ ಹುಡುಗಿಯರ ಕಬಡ್ಡಿ ತಂಡವೊಂದು ಬೇರೊಂದು ಊರಿಗೆ ಪಂದ್ಯಕ್ಕೆ ಹೋಗಿತ್ತು. ಹುಡುಗಿಯರ ಜೊತೆಗೆ ನಾನೂ ಹೋಗಿದ್ದೆ. ಕೊನೆಯ ಎರಡು ನಿಮಿಷ ಉಳಿದಿದ್ದಾಗ ನಮ್ಮ ರೈಡರ್ ಹುಡುಗಿ ಗೆರೆ ಮುಟ್ಟಿ ಬಂದಳೋ ಇಲ್ಲವೋ ಎಂಬ ತಕರಾರು ಎದ್ದಿತು. ಅಂಪೈರ್ ಔಟ್ ಎಂದರು. ನಮ್ಮ ಹುಡುಗಿಯರು ಅಂಗಳದಲ್ಲೇ ಕುಳಿತುಬಿಟ್ಟರು. ಹೊಡೆಯಲಿಲ್ಲ, ಬೈಯಲಿಲ್ಲ, ಮಣ್ಣಿನಲ್ಲಿ ಮಂಡಿ ಮಡಚಿ ಕುಳಿತರು. ಹೊರಗೆ ನಿಂತ ಗಂಡಸರೇ ಕೂಗಾಡಿ, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದರು. ಹತ್ತು ನಿಮಿಷ ಕಾದು ಎದುರಿನವರು ಗೆದ್ದರೆಂದು ಹೇಳಿದರು. ಅದು ನ್ಯಾಯವೇ. ಅಂಗಳ ಬಿಟ್ಟವರಿಗೆ, ಆಡದೆ ಕುಳಿತವರಿಗೆ ಸೋಲೇ ತೀರ್ಪು. ಹುಡುಗಿಯರೂ ಟೆಂಪೋದಲ್ಲಿ ಬರುವಾಗ ಅದನ್ನು ಒಪ್ಪಿಕೊಂಡಿದ್ದರು.

ನಿಜವಾದ ಶಿಕ್ಷೆ ಶುರುವಾದದ್ದು ಊರಿಗೆ ಬಂದ ಮೇಲೆ. ಇನ್ನು ಒಂದು ವರ್ಷ ಹುಡುಗಿಯರ ಆಟ ಬಂದ್ ಎಂಬ ಮಾತು ಎದ್ದಿತು. ಗುಡಿಯ ಕಟ್ಟೆಯಿಂದ ಹಿಡಿದು ಸ್ವಸಹಾಯ ಸಂಘದ ಸಭೆಯವರೆಗೆ ಅದೇ ಚರ್ಚೆ. ಅಂಗಿ ಹಿಡಿದು ಜಗ್ಗಾಡಿದ ಗಂಡಸರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಹಿಂದಿನ ವರ್ಷ ಹುಡುಗರ ತಂಡ ಎದುರಾಳಿಯ ಹಲ್ಲು ಮುರಿದು ಬಂದಾಗ "ಆಟದಾಗ ಇದ್ದದ್ದ" ಎಂದು ನಕ್ಕಿದ್ದವರೇ ಈಗ ಶಿಸ್ತಿನ ಮಾತು ಆಡುತ್ತಿದ್ದರು. ಸಭೆಯಲ್ಲಿ ಒಬ್ಬರು ಹಿರಿಯರು ನನ್ನನ್ನೇ ಕೇಳಿದರು:

"ಅಕ್ಕೋರ, ಈಗಿಂದ ಹಿಂಗ ನೆಲಕ್ಕ ಕುಂತು ಹಟಾ ಹಿಡದ್ರ ನಾಳೆ ಅತ್ತೀ ಮನ್ಯಾಗ ಏನ್ ಮಾಡ್ತಾವ ಈ ಹುಡುಗ್ಯಾರು?"

ನಾನು ಉತ್ತರ ಕೊಡುವ ಮೊದಲೇ ಹಿಂದೆ ಕುಳಿತಿದ್ದ ಅಜ್ಜಿಯೊಬ್ಬಳು, "ನಾನೂ ಅತ್ತೀ ಮನ್ಯಾಗ ಒಮ್ಮೆರ ಹಂಗ ಕುಂತಿದ್ದರ ಅರ್ಧಾ ಕಷ್ಟಾ ತಪ್ಪತಿತ್ತೋ ತಮ್ಮಾ" ಎಂದಳು. ಹೆಂಗಸರೆಲ್ಲ ನಕ್ಕರು. ಆದರೆ ನಗೆಯಿಂದ ತೀರ್ಪು ಬದಲಾಗುವುದಿಲ್ಲ.

ಆಗ ನಾನು ನೈಸ್ಮಿತ್ ಮೇಷ್ಟ್ರ ಐದನೆಯ ನಿಯಮವನ್ನು ಹೇಳಿದೆ. ನಮ್ಮ ಕಬಡ್ಡಿಯಲ್ಲೇ ಇರುವ ಮೂರು ಕಾರ್ಡುಗಳನ್ನು ನೆನಪಿಸಿದೆ. ಹಸಿರು ಕಾರ್ಡ್ ಎಂದರೆ ಎಚ್ಚರಿಕೆ, ಹಳದಿ ಎಂದರೆ ಎರಡು ನಿಮಿಷ ಹೊರಗೆ, ಕೆಂಪು ಎಂದರೆ ಆ ಪಂದ್ಯದಿಂದ ಹೊರಗೆ. ಕುಳಿತ ತಪ್ಪಿಗೆ ಪಂದ್ಯ ಹೋಯಿತು. ಅಂಪೈರರಿಗೆ ಅವಿಧೇಯತೆ ತೋರಿದ್ದಕ್ಕೆ ಕ್ಷಮೆ ಕೇಳಿ ಪತ್ರ ಬರೆಯಲಿ. ಅದರಾಚೆ ಒಂದು ವರ್ಷ ಎಂಬ ಕಾರ್ಡು ಯಾವ ಬಣ್ಣದ್ದು? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಗೆ ಒಂದು ವರ್ಷವೆಂದರೆ ಆಟದ ಅರ್ಧ ಆಯುಷ್ಯ. ಹತ್ತನೆಯ ತರಗತಿಗೆ ಬಂದಳೆಂದರೆ ಪರೀಕ್ಷೆ ಎನ್ನುತ್ತೇವೆ. ಅದು ಮುಗಿದರೆ ವರ ನೋಡುತ್ತೇವೆ. ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹೆಣ್ಣು ಕೂಸು, ಗಂಡು ಕೂಸು ಎಂಬ ಭೇದವಿಲ್ಲ. ತೊಟ್ಟಿಲಿನಿಂದ ಇಳಿದ ಮೇಲೆ ಭೇದ ಮಾಡುವವರು ನಾವು.

ಈ ಜಗ್ಗಾಟ ನಡೆದಿದ್ದಾಗಲೇ ಅಕ್ಟೋಬರ್ 7 ಬಂತು. ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟದ ಗಂಡಸರ ಕಬಡ್ಡಿ ಫೈನಲ್, ಭಾರತಕ್ಕೂ ಇರಾನಿಗೂ. ಅಂಕ 28-28ರ ಸಮ. ಇನ್ನು ಒಂದು ನಿಮಿಷದಷ್ಟು ಆಟ ಉಳಿದಿತ್ತು. ಪವನ್ ಸೆಹ್ರಾವತ್ ಮಾಡಿದ ರೈಡಿನಲ್ಲಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರ ಹಿಂದೆ ಇರಾನಿನವರೂ ನುಗ್ಗಿದರು. ಹಳೆಯ ನಿಯಮದಂತೆ ಅಂಕ ಯಾರಿಗೆ, ಹೊಸ ನಿಯಮದಂತೆ ಯಾರಿಗೆ ಎಂದು ಗೊಂದಲ. ತೀರ್ಪು ಅತ್ತಿತ್ತ ಹೊರಳಿತು. ಎರಡೂ ತಂಡದವರು ಸರದಿಯಂತೆ ಮ್ಯಾಟಿನ ಮೇಲೆ ಕುಳಿತು ಪ್ರತಿಭಟಿಸಿದರು. ಸುಮಾರು ಒಂದು ತಾಸು ಆಟ ನಿಂತಿತು. ಕೊನೆಗೆ ಭಾರತಕ್ಕೆ ಮೂರು ಅಂಕ, ಇರಾನಿಗೆ ಒಂದು. ಭಾರತ 33-29ರಿಂದ ಚಿನ್ನ ಗೆದ್ದಿತು. ಊರಿನ ಗಂಡಸರೆಲ್ಲ ಮೊಬೈಲಿನಲ್ಲಿ ಅದನ್ನು ನೋಡಿ ಸಿಳ್ಳೆ ಹಾಕಿದರು.

ಮರುದಿನ ನಮ್ಮ ತಂಡದ ಚಿಕ್ಕ ಹುಡುಗಿಯೊಬ್ಬಳು ಬಂದು, "ಟೀಚರ್ರ, ಅವರು ಕುಂತರ ಚಿನ್ನ, ನಾವು ಕುಂತರ ಬಂದ್, ಹೌದಲ್ರಿ?" ಎಂದಳು. ನಾನು ಮುಂದಿನ ಸಭೆಯಲ್ಲಿ ಬೇರೆ ಭಾಷಣ ಮಾಡಲಿಲ್ಲ. ಅವಳ ಈ ಮಾತನ್ನು ಇದ್ದಂತೆಯೇ ಒಪ್ಪಿಸಿದೆ. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ವರ್ಷದ ಶಿಕ್ಷೆ ಒಂದು ತಿಂಗಳಿಗೆ ಇಳಿಯಿತು. ಹುಡುಗಿಯರು ಅಂಪೈರರಿಗೆ ಪತ್ರ ಬರೆದರು. ದೀಪಾವಳಿ ಕಳೆದ ಮೇಲೆ ಮತ್ತೆ ಅಂಗಳಕ್ಕಿಳಿದರು.

ಒಬ್ಬಳು ಮಾತ್ರ ಬರಲಿಲ್ಲ. ಗೆರೆ ಮುಟ್ಟಿದಳೋ ಇಲ್ಲವೋ ಎಂಬ ತಕರಾರಿಗೆ ಕಾರಣಳಾದ ಆ ರೈಡರ್ ಹುಡುಗಿ. ತಂಡದಲ್ಲೇ ಅತ್ಯಂತ ಚುರುಕಿನವಳು. ಅವಳ ಅಪ್ಪ ಒಪ್ಪಲಿಲ್ಲ. ನಾನು ಎರಡು ಸಲ ಮನೆಗೆ ಹೋಗಿ ಬಂದೆ. ಅವರು ಚಹಾ ಕೊಟ್ಟರು, ಮರ್ಯಾದೆಯಿಂದ ಮಾತಾಡಿಸಿದರು, ಮಗಳನ್ನು ಮಾತ್ರ ಕಳಿಸಲಿಲ್ಲ. ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ 2011ರಲ್ಲಿ, ಮಮತಾ ಪೂಜಾರಿ 2014ರಲ್ಲಿ ಕಬಡ್ಡಿಗಾಗಿ ಅರ್ಜುನ ಪ್ರಶಸ್ತಿ ಪಡೆದರೆಂದು ಹೇಳಿದೆ. ಅವರು ಕೇಳಿಸಿಕೊಂಡು, "ಅವರ ಹಣೇಬರಾ ಬ್ಯಾರೆರಿ ಅಕ್ಕೋರ" ಎಂದರು. ಹುಡುಗಿ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾವು ಹೆಣ್ಣುಮಕ್ಕಳ ಮೇಲೆ ಸಲೀಸಾಗಿ ಎಸೆಯುತ್ತೇವೆ. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಿರುತ್ತದೆ. ಗಂಡುಮಕ್ಕಳ ತಪ್ಪಿಗೆ ಹಸಿರು ಕಾರ್ಡು, ಹೆಣ್ಣುಮಕ್ಕಳ ತಪ್ಪಿಗೆ ನೇರವಾಗಿ ಕೆಂಪು ಕಾರ್ಡು ತೋರಿಸುವ ನೆಲ ಡೊಂಕಿನದು. ಶಿಸ್ತು ಬೇಡವೆಂದು ನಾನು ಎಂದೂ ಹೇಳುವವಳಲ್ಲ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಹಾಗೆ ಹೇಳುವುದು ಸಾಧ್ಯವೂ ಇಲ್ಲ. ತಪ್ಪಿಗೆ ಶಿಕ್ಷೆ ಇರಲೇಬೇಕು. ಅದು ತಪ್ಪಿನಷ್ಟೇ ಇರಬೇಕು, ಎಲ್ಲರಿಗೂ ಒಂದೇ ಆಗಿರಬೇಕು, ಅಂಗಳದಲ್ಲಿ ಆದದ್ದು ಅಂಗಳದಲ್ಲೇ ಮುಗಿಯಬೇಕು.

ನಿಮ್ಮ ಊರಿನ ಶಾಲೆಯಲ್ಲೋ ಕಾಲೇಜಿನಲ್ಲೋ ಹುಡುಗಿಯರ ತಂಡವಿದ್ದರೆ ಒಮ್ಮೆ ಪಂದ್ಯ ನೋಡಲು ಹೋಗಿ ಬನ್ನಿ. ಮನೆಗೆಲಸ ಒಂದು ತಾಸು ಕಾಯುತ್ತದೆ. ನಮ್ಮಂಥವರು ನಾಲ್ಕು ಜನ ಅಂಗಳದ ಅಂಚಿನಲ್ಲಿ ನಿಂತಿದ್ದರೆ ಅಂಗಿ ಹಿಡಿಯುವವರೂ ಸ್ವಲ್ಪ ನೋಡಿ ನಡೆಯುತ್ತಾರೆ. ಆಮೇಲೆ ಕಟ್ಟೆಯ ಮೇಲೆ ತೀರ್ಪಿನ ಮಾತು ಬಂದಾಗ, ನಡೆದದ್ದನ್ನು ಕಣ್ಣಾರೆ ಕಂಡವರು ಎಂದು ನಾವೂ ಬಾಯಿ ತೆರೆಯಬಹುದು.